ಅಕ್ಕ ಕೇಳಿದ ತೀರ್ಥ

ಆ ವರ್ಷ ನಮ್ಮ ಬಟ್ಟೆ ಅಂಗಡಿಯಲ್ಲಿ ಸೀರೆಗಿಂತ ಹೆಚ್ಚು ಬಿಚ್ಚಿ ಹರಡಿದ್ದು ದಯಾಮರಣದ ವಿಷಯವನ್ನು. ಗುಣವಾಗದ ಕಾಯಿಲೆಯವರು ಉಸಿರಾಟದ ಯಂತ್ರ ಬೇಡವೆನ್ನಬಹುದು ಎಂದು ಸರ್ಕಾರ ಆಸ್ಪತ್ರೆಗಳಿಗೆ ತಿಳಿಸಿದ್ದೇ ತಡ, ಟೀವಿಯವರು ಬೆಳಿಗ್ಗೆಯಿಂದ ಸಂಜೆವರೆಗೆ ಅದನ್ನೇ ಅರೆದರು. ನರಸಿಂಹರಾಜಪುರದ ನಮ್ಮ ಪೇಟೆಬೀದಿಗೆ ಬಂದು ತಲುಪುವಷ್ಟರಲ್ಲಿ ಅದು ‘ಸಾಯೋ ಕಾನೂನು’ ಆಗಿತ್ತು. ಬ್ಲೌಸ್ ಪೀಸ್ ಹೊಂದಿಸಲು ಬಂದವರು ಸೀರೆಯ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ತೀರ್ಪು ಕೊಡುತ್ತಿದ್ದರು. “ಒಳ್ಳೇದೇ ಆಯ್ತು ಮಾರಾಯ್ತಿ, ನರಳೋದಕ್ಕಿಂತ ಒಂದು ಇಂಜೆಕ್ಷನ್ ಕೊಟ್ರೆ ಮುಗೀತು” ಎಂದು ಒಬ್ಬರು. “ಎಂತ ಅಂತ ಮಾತಾಡ್ತೀಯೆ? ನಾಳೆ ಸೊಸೇರೆಲ್ಲ ಅತ್ತೇರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರೀ ಚಪ್ಪಲಿ ವಾಪಸ್ ತರ್ತಾರೆ ನೋಡು” ಎಂದು ಇನ್ನೊಬ್ಬರು. ಎಲ್ಲರೂ ನಗುತ್ತಿದ್ದರು. ಆಮೇಲೆ ಯಾರಾದರೊಬ್ಬರ ಕಣ್ಣು ಗಲ್ಲಾದ ಪಕ್ಕದ ಕುರ್ಚಿಯ ಮೇಲೆ ಬೀಳುತ್ತಿತ್ತು. ತಕ್ಷಣ ಮಾತು ಸೀರೆಯ ಬಣ್ಣಕ್ಕೆ ಹಿಂತಿರುಗುತ್ತಿತ್ತು.

ಆ ಕುರ್ಚಿಯಲ್ಲಿ ಕೂರುತ್ತಿದ್ದವರು ಅಕ್ಕ. ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಸೊಸೆಯಾಗಿ ಬಂದಂದಿನಿಂದ ಇಬ್ಬರಿಗೂ ಒಂದೇ ಅಡುಗೆಮನೆ, ಒಂದೇ ಅಂಗಡಿ. ಜಗಳ ಆಡಿದ್ದೇವೆ, ಮಾತು ಬಿಟ್ಟಿದ್ದೇವೆ. ಮಾತು ಬಿಟ್ಟ ದಿನವೂ ನನ್ನ ಪಾಲಿನ ರೊಟ್ಟಿಯನ್ನು ಅವರು ಮುಚ್ಚಿಟ್ಟಿರುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ನನ್ನ ಮಗಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಅವರೇ. ಗಿರಾಕಿಯನ್ನು ಮಾತಿನಲ್ಲಿ ಕಟ್ಟಿ ಕೂರಿಸುವುದನ್ನು ನಾನು ಅವರಿಂದ ಕಲಿತೆ. ಬಾಯಿ ಜೋರು ಮಾತ್ರ ನನ್ನ ಸ್ವಂತದ್ದು.

ಕಾಯಿಲೆ ಶುರುವಾದದ್ದೂ ಮಾತಿನಿಂದಲೇ. ಅವರ ನಾಲಿಗೆ ದಪ್ಪವಾದಂತೆ ಕೇಳಿಸತೊಡಗಿತು. ಬಾಯಲ್ಲಿ ಎಲೆಅಡಿಕೆ ಇದೆಯೇನೋ ಎಂದುಕೊಂಡು “ಉಗಿದು ಬಂದು ಮಾತಾಡಿ ಅಕ್ಕ” ಎಂದು ನಾನೇ ಗದರಿದ್ದೆ. ಒಂದು ದಿನ ಕುಡಿದ ಕಾಫಿ ಮೂಗಿನಿಂದ ಬಂತು. ಶಿವಮೊಗ್ಗದ ಡಾಕ್ಟರು ಮಂಗಳೂರು ಕಡೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಹೇಳಿದ್ದನ್ನು ಸರಳವಾಗಿ ಹೇಳುವುದಾದರೆ, ಇದು ನರದ ಕಾಯಿಲೆ. ಸ್ನಾಯುಗಳು ಒಂದೊಂದಾಗಿ ಕೆಲಸ ಬಿಡುತ್ತವೆ. ಗಂಟಲು ಮೊದಲು, ಆಮೇಲೆ ಕೈಕಾಲು, ಕಡೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ. ಔಷಧಿ ಇಲ್ಲ. ನುಂಗಿದ್ದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ ಎಂದು ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಸಿದರು. ಇನ್ನು ಮುಂದೆ ಬಾಯಿಗೆ ಏನೂ ಹಾಕಬಾರದು, ನೀರಂತೂ ಒಂದು ಹನಿಯೂ ಕೂಡದು ಎಂದರು.

ಆ ಮಾತನ್ನು ಭಾವ ದೇವರ ಅಪ್ಪಣೆ ಅನ್ನುವಂತೆ ಹಿಡಿದುಕೊಂಡರು. ಭಾವ ಎಂದರೆ ಅಕ್ಕನ ಗಂಡ, ಅಂಗಡಿಯ ಹಿರಿಯ. ಮೀಟರ್ ಕೋಲಿಗಿಂತ ಒಂದು ಬೆರಳು ಹೆಚ್ಚೇ ಬಟ್ಟೆ ಬಿಟ್ಟು ಕತ್ತರಿಸುವ ಮನುಷ್ಯ. ರಾಗಿ ಗಂಜಿಯನ್ನು ಅಂಗಡಿಯ ತೆಳು ಮಲ್ ಬಟ್ಟೆಯಲ್ಲಿ ಎರಡೆರಡು ಸಲ ಸೋಸಿ, ಬಿಸಿಯನ್ನು ಮೊಣಕೈಗೆ ಹಚ್ಚಿ ನೋಡಿ, ಸಿರಿಂಜಿನಲ್ಲಿ ನಳಿಗೆಗೆ ಬಿಡುತ್ತಿದ್ದರು. ಆ ಕೆಲಸ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಅಕ್ಕ ಮಾತಾಡಲೆಂದು, ಟೈಪ್ ಮಾಡಿದ್ದನ್ನು ಓದಿ ಹೇಳುವ ಏರ್ಪಾಡನ್ನು ನನ್ನ ಮಗಳು ಫೋನಿಗೆ ಹಾಕಿಕೊಟ್ಟಳು. ಬಲಗೈ ಹೆಬ್ಬೆರಳಿನಲ್ಲಿ ಇನ್ನೂ ಶಕ್ತಿ ಇತ್ತು. ಅಕ್ಕ ಒತ್ತುತ್ತಿದ್ದರು, ಒಳಗಿನಿಂದ ಯಾವಳೋ ಪಟ್ಟಣದ ಹೆಂಗಸು ವಾರ್ತೆ ಓದಿದಂತೆ ಹೇಳುತ್ತಿದ್ದಳು: “ಆ ಗಿರಾಕಿಗೆ ಹಸಿರು ತೋರಿಸು. ಕೆಂಪು ಒಪ್ಪುವುದಿಲ್ಲ.” ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು.

ಎಲ್ಲಕ್ಕೂ ಹೊಂದಿಕೊಂಡ ಅಕ್ಕ ಒಂದಕ್ಕೆ ಮಾತ್ರ ಹೊಂದಿಕೊಳ್ಳಲಿಲ್ಲ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆ ನೀರನ್ನು ತೀರ್ಥವೆಂದು ಮೂರು ಸಲ ಬಾಯಿಗೆ ತೆಗೆದುಕೊಳ್ಳುವುದು. ಆಮೇಲೆಯೇ ಕಾಫಿ, ತಿಂಡಿ. ನಾನು ಹಸಿವು ತಡೆಯದೆ ಎಷ್ಟೋ ದಿನ ಹಿಂದುಮುಂದು ಮಾಡಿದವಳು. ಅಕ್ಕ ಜ್ವರ ಬಂದು ಮಲಗಿದಾಗಲೂ ಕ್ರಮ ತಪ್ಪಿಸಿದವರಲ್ಲ. ಈಗ ಕೈ ನಿಲ್ಲದ ಕಾರಣ ಅವರ ಅಂಗೈಯನ್ನು ನನ್ನ ಅಂಗೈಯಲ್ಲಿ ಹೊತ್ತು ಪೂಜೆ ಮಾಡಿಸುತ್ತಿದ್ದೆ. ನೀರು ಕೆಳಗಿನ ಬೆಳ್ಳಿ ಬಟ್ಟಲಿಗೆ ಇಳಿಯುತ್ತಿತ್ತು. ಅಕ್ಕ ಬಟ್ಟಲನ್ನು ನೋಡುತ್ತಿದ್ದರು. ಎದುರು ಸ್ಟೂಲಿನ ಮೇಲೆ ಕೂತ ಭಾವ ನನ್ನ ಕೈಯನ್ನು ನೋಡುತ್ತಿದ್ದರು. ಪೂಜೆ ಮುಗಿದದ್ದೇ ಎದ್ದು ಬಂದು ಬಟ್ಟಲನ್ನು ಎತ್ತಿಕೊಂಡು ಹೋಗಿ ಹಿತ್ತಲ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದರು. ಮನೆತನದ ಗುರುಗಳಾದ ಅಯ್ಯನವರನ್ನು ಕೇಳಿದ್ದಕ್ಕೆ, ಕಣ್ಣಿಗೆ ಒತ್ತಿಕೊಂಡರೆ ಸಾಕು, ದೋಷವಿಲ್ಲ ಎಂದರು. ಅಕ್ಕ ಅವರಿಗೆ ನಮಸ್ಕಾರ ಮಾಡಿ, ಅವರು ಹೊರಟ ಮೇಲೆ ತಲೆಯಾಡಿಸಿದರು. ಇಲ್ಲ.

ಇಂಥ ದಿನಗಳಲ್ಲೇ ಕೊಪ್ಪದ ಓದುಗರ ಬಳಗವೊಂದು ಚರ್ಚೆ ಇಟ್ಟುಕೊಂಡಿತು. ‘ಇಚ್ಛಾಮರಣಕ್ಕೆ ಕಾನೂನು ಬೇಕೆ?’ ಬೇಕು ಎನ್ನಲು ಶೃಂಗೇರಿಯ ಒಬ್ಬ ವಕೀಲರು, ಬೇಡ ಎನ್ನಲು ನಾನು. ಬಾಯಿ ಇದ್ದವಳು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕರೆದಿದ್ದರು. ನನಗೂ ಹಮ್ಮು. ಭಾವ ಉತ್ಸಾಹದಿಂದ ಕಾರು ತೆಗೆದರು, ಅಕ್ಕನನ್ನೂ ಕೂರಿಸಿಕೊಂಡರು. ಮೊದಲ ಸಾಲಿನ ಪಕ್ಕದಲ್ಲಿ ಗಾಲಿಕುರ್ಚಿಗೆ ಜಾಗ ಮಾಡಿಕೊಟ್ಟರು.

ವಕೀಲರು ತಣ್ಣಗೆ ಮಾತಾಡಿದರು. “ಟೀವಿ ನೋಡಿ ಹೆದರಬೇಡಿ. ಇಂಜೆಕ್ಷನ್ ಕೊಟ್ಟು ಸಾಯಿಸೋದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ಈಗ ಇರೋದು, ಗುಣ ಆಗದ ಸ್ಥಿತೀಲಿ ಯಂತ್ರ ಬೇಡ ಅನ್ನೋ ಹಕ್ಕು ಮಾತ್ರ. ನಾನು ಕೇಳೋದು ಅದರ ಮುಂದಿನದು. ತಡೆಯೋಕಾಗದ ನೋವಲ್ಲಿ, ಬುದ್ಧಿ ನೆಟ್ಟಗಿರೋ ಮನುಷ್ಯ ಸಾಕು ಅಂದ್ರೆ, ಸಾಕಾಗಿಲ್ಲ ಅನ್ನೋಕೆ ನಾವ್ಯಾರು?” ಸಭೆ ತಲೆದೂಗಿತು. ನನಗೆ ಮೈ ಉರಿಯಿತು. ಎದ್ದು ನಿಂತವಳೇ ಬರೆದುಕೊಂಡು ಹೋಗಿದ್ದನ್ನೆಲ್ಲ ಬದಿಗಿಟ್ಟೆ. “ನಮ್ಮ ಮನೇಲೇ ಒಬ್ಬರಿದಾರೆ. ಇಲ್ಲೇ ಕೂತಿದಾರೆ, ನೋಡಿ. ನಳಿಗೇಲಿ ಊಟ, ಫೋನಲ್ಲಿ ಮಾತು. ಇವತ್ತಿಗೂ ಗಿರಾಕಿ ಮುಖ ನೋಡಿ ಯಾವ ಸೀರೆ ಅಂತ ಹೇಳ್ತಾರೆ. ಇವರಿಗೆ ಸಾಕು ಅನ್ನಿಸಿದೆ ಅಂತ ಯಾರಾದ್ರೂ ಹೇಳ್ತೀರಾ? ನಾವು ಇವರನ್ನ ಬಿಟ್ಟುಕೊಡಲ್ಲ. ಯಮ ಬಂದ್ರೂ ಅಂಗಡಿ ಬಾಗ್ಲಲ್ಲೇ ನಿಲ್ಲಿಸ್ತೀವಿ!” ಚಪ್ಪಾಳೆ ಅಂದರೆ ಅಂಥ ಚಪ್ಪಾಳೆ. ವಕೀಲರೂ ತಟ್ಟಿದರು. ಭಾವ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಅಕ್ಕನ ಮುಖವನ್ನು ನಾನು ಆಗ ನೋಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ನಾನೇ ವಟವಟ ಅನ್ನುತ್ತಿದ್ದೆ. ಹಿಂದಿನ ಸೀಟಿನಿಂದ ಫೋನಿನ ಹೆಂಗಸು ಬಾಯಿ ತೆರೆದಳು.

“ನನ್ನನ್ನು ತೋರಿಸಿ ಚಪ್ಪಾಳೆ ತೆಗೆದುಕೊಂಡೆ. ನನ್ನನ್ನು ಕೇಳಿದೆಯಾ ಮಾರಾಯ್ತಿ?”

ಆ ಯಂತ್ರಕ್ಕೆ ಮಾರಾಯ್ತಿ ಎನ್ನಲು ಸರಿಯಾಗಿ ಬರುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ನಾವು ನಗುತ್ತಿದ್ದೆವು. ನನಗೆ ಮೊದಲು ಬಂದದ್ದು ಸಿಟ್ಟು. “ಕೇಳೋದೆಂತ ಅಕ್ಕ? ನಿಮಗೆ ಸಾಯ್ಬೇಕು ಅಂತ ಇದ್ಯಾ?” ಎಂದು ಕೂಗಿಯೇ ಬಿಟ್ಟೆ. ಭಾವ ರಸ್ತೆ ಬದಿಗೆ ಕಾರು ಹಾಕಿದರು. ಅವರ ಕತ್ತಿನ ಹಿಂಭಾಗ ಬೆವತಿತ್ತು. ತಿರುಗಿ ನೋಡಲಿಲ್ಲ. ಅಕ್ಕ ನಿಧಾನವಾಗಿ ಒತ್ತುತ್ತಿದ್ದರು, ನಾವಿಬ್ಬರೂ ಕಾಯುತ್ತಿದ್ದೆವು. ಎದುರಿನಿಂದ ಬಂದ ಬಸ್ಸು ಹಾರ್ನ್ ಹೊಡೆದು ದಾಟಿಹೋಯಿತು.

“ಸಾಯಲು ಅವಸರ ಇಲ್ಲ. ಉಸಿರಿನ ಮೆಷಿನ್ ಬೇಡ. ತೀರ್ಥ ಬೇಕು.”

ಭಾವ ಮತ್ತೆ ಕಾರು ಹೊರಡಿಸಿದರು.

ಮಾರನೆಯ ವಾರ ಅಕ್ಕನ ಹಟಕ್ಕೆ ನಮ್ಮೂರಿನ ಡಾಕ್ಟರಮ್ಮನನ್ನು ಮನೆಗೆ ಕರೆಸಿದೆವು. ನನ್ನ ಮಗಳ ವಯಸ್ಸಿನ ಹುಡುಗಿ. ಭಾವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಮುಂದೆ ಉಸಿರು ಸೋತಾಗ ಯಂತ್ರ ಹಾಕಬಾರದು ಎಂದು ಅಕ್ಕ ಈಗಲೇ ಬರೆಸಿಡಬಹುದು. ಸಾಕ್ಷಿ ಬೇಕು, ನೋಟರಿ ಮುದ್ರೆ ಬೇಕು. ಅವರಿಗೆ ಹೇಳಲಾಗದ ಹೊತ್ತಿನಲ್ಲಿ ಅವರ ಪರವಾಗಿ ಹೇಳುವವರ ಹೆಸರೂ ಅದರಲ್ಲಿರಬೇಕು ಎಂದು ಡಾಕ್ಟರಮ್ಮ ವಿವರಿಸಿದರು. ಎಲ್ಲರೂ ಭಾವನ ಕಡೆ ನೋಡಿದೆವು. “ನನ್ನ ಕೈಲಿ ಆಗಲ್ಲ” ಎಂದವರೇ ಅಂಗಡಿಗೆ ನಡೆದುಬಿಟ್ಟರು. ಅಕ್ಕ ನನ್ನ ಹೆಸರು ಒತ್ತಿದರು.

“ನಾನಾ? ಬೇಡ ಅಂತ ಭಾಷಣ ಮಾಡಿ ಬಂದವಳು ನಾನು” ಎಂದೆ.

“ನಿನಗೆ ಜೋರಾಗಿ ಹೇಳಲು ಬರುತ್ತದೆ” ಎಂದಳು ಫೋನಿನ ಹೆಂಗಸು.

ತೀರ್ಥದ ವಿಷಯಕ್ಕೆ ಬಂದಾಗ ಡಾಕ್ಟರಮ್ಮ ತಬ್ಬಿಬ್ಬಾದರು. ನೀರಿಗೆ ಒಂದು ಪುಡಿ ಬೆರೆಸಿ ಗಟ್ಟಿ ಮಾಡಿದರೆ ಅಪಾಯ ಕಡಿಮೆ ಎಂದರು. “ತೀರ್ಥಕ್ಕೆ ಹಿಟ್ಟು ಕಲಸುತ್ತೀರಾ?” ಎಂದು ಫೋನು ಕೇಳಿತು. ಡಾಕ್ಟರಮ್ಮ ನಕ್ಕರು, ಆಮೇಲೆ ಗಂಭೀರರಾದರು. “ಕೊಡಿ ಅಂತ ನಾನು ಹೇಳೋ ಹಾಗಿಲ್ಲ ಅಮ್ಮ. ನೀವು ಕೇಳೋದು ತಪ್ಪು ಅಂತಾನೂ ಹೇಳಲ್ಲ. ಅಪಾಯ ಇದೆ, ಅದು ನಿಮಗೂ ಗೊತ್ತು. ಕೊಡೋದೇ ಆದ್ರೆ ನೆಟ್ಟಗೆ ಕೂರಿಸಿ, ಗಲ್ಲ ಎದೆ ಕಡೆ ಬಗ್ಗಿಸಿ, ಹನಿ ಅಂದ್ರೆ ಹನಿ ಅಷ್ಟೇ.” ಇದನ್ನು ನಾನು ಭಾವನಿಗೆ ಹೇಳಿದೆ. “ಅಂದ್ರೆ ಕೊಡಬಾರ್ದು ಅಂತ ಅರ್ಥ. ನೀನು ಒಂದು ಹನಿ ಹಾಕಿದ್ರೂ ಕೊಂದ ಹಾಗೇ ಅಂತ ತಿಳ್ಕೋ” ಎಂದರು. ಅಷ್ಟು ವರ್ಷದಲ್ಲಿ ಭಾವ ನನಗೆ ಹಾಗೆ ಬೆರಳು ತೋರಿಸಿ ಮಾತಾಡಿದ್ದಿಲ್ಲ. ಆ ಸಂಜೆ ಬಟ್ಟೆಯ ಒಂದು ಇಡೀ ಥಾನನ್ನು ಅಡ್ಡಡ್ಡ ಕತ್ತರಿಸಿ ಹಾಳುಮಾಡಿದೆ.

ಅಲ್ಲಿಂದ ಮುಂದೆ ಬೆಳಗಿನ ಪೂಜೆಯ ರೀತಿಯೇ ಬದಲಾಯಿತು. ಅಕ್ಕ ಬಟ್ಟಲಿನಿಂದ ಕಣ್ಣೆತ್ತಿ ನನ್ನನ್ನು ನೋಡುವರು. ನಾನು ಭಾವನನ್ನು ನೋಡುವೆ. ಭಾವ ನನ್ನ ಕೈಯಿಂದ ಕಣ್ಣು ಕೀಳರು. ಶಿವಪೂಜೆಗೆ ಕೂತ ಮೂವರೂ ಕಾವಲುಗಾರರ ಹಾಗಿದ್ದೆವು.

ಒಂದು ಬೆಳಿಗ್ಗೆ ಭಾವ ಮುಖ ಅರಳಿಸಿಕೊಂಡು ಅಡುಗೆಮನೆಗೆ ಬಂದರು. “ಎಂತ ದಡ್ಡರು ನಾವು! ಇಷ್ಟು ಸುಲಭದ್ದು ಹೊಳೀಲಿಲ್ಲ ನೋಡು” ಎಂದರು. ಗಂಜಿ ಬಿಟ್ಟಾದ ಮೇಲೆ ಅವರು ಬಟ್ಟಲಿನ ತೀರ್ಥವನ್ನೂ ಸಿರಿಂಜಿನಲ್ಲಿ ಎಳೆದು ನಳಿಗೆಗೇ ಬಿಟ್ಟಿದ್ದರು. ಹೊಟ್ಟೆಗೆ ಹೋದರೆ ಆಯಿತಲ್ಲ, ಗಂಟಲಿನ ಹಂಗೇ ಇಲ್ಲ. ಅವರಿಗೆ ಎಷ್ಟು ಖುಷಿಯಾಗಿತ್ತೆಂದರೆ ನನಗೂ ಒಂದು ಗಳಿಗೆ ಸರಿ ಅನ್ನಿಸಿತು. ಓಡಿಹೋಗಿ ನೋಡಿದೆ. ಅಕ್ಕನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖ ಸಿಟ್ಟಿನಿಂದ ಬಿಗಿದಿತ್ತು. ನಾಲಿಗೆಗೆ ಸೋಕದ್ದು, ಅದೂ ಉಂಡಾದ ಮೇಲೆ. ಅವರ ಪಾಲಿಗೆ ಅದು ಪಾತ್ರೆ ತೊಳೆದ ನೀರಿಗೆ ಸಮ. ಯಾಕೆ ಅಂತ ಕೇಳುವವರು ಕೇಳಲಿ. ಅದೇ ಕ್ರಮದಲ್ಲಿ ಬದುಕಿದ ಹೆಂಗಸು ಅದು.

ಮಧ್ಯಾಹ್ನ ಭಾವ ಗಂಜಿ ತಂದಾಗ ಅಕ್ಕ ನಳಿಗೆಯ ಬಾಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು. ಮುಷ್ಟಿ ಅಂದರೆ ಎಂಥ ಮುಷ್ಟಿ, ಮಗು ಬೇಕಾದರೂ ಬಿಡಿಸಬಹುದಿತ್ತು. ಭಾವ ಬಿಡಿಸಲಿಲ್ಲ. ಸಂಜೆಯೂ ಅದೇ. ಮರುದಿನ ಬೆಳಿಗ್ಗೆ ಪೂಜೆಯಾಯಿತು, ಬಟ್ಟಲು ದಾಸವಾಳಕ್ಕೆ ಹೋಯಿತು, ಗಂಜಿ ಹಾಗೇ ವಾಪಸ್ ಬಂತು. ಊಟ ಬಿಟ್ಟು ಸಾಯುವ ಜನರ ಬಗ್ಗೆ ಟೀವಿಯಲ್ಲಿ ಕೇಳಿದ್ದೆಲ್ಲ ಭಾವನ ತಲೆ ಹೊಕ್ಕಿತು. “ಸಾಯೋ ಹಟ ಹಿಡಿದಿದಾಳೆ. ನೀವೆಲ್ಲ ಸೇರಿ ತಲೆ ಕೆಡಿಸಿದ್ರಿ” ಎಂದು ನನ್ನ ಮೇಲೆ ಹರಿಹಾಯ್ದರು. ನಾನು ಸುಮ್ಮನಿರುವ ಜಾತಿಯಲ್ಲ. “ಕೇಳಿ ಅವರನ್ನೇ! ನಂಗೂ ಅದನ್ನೇ ಅಂದ್ರು, ಕೇಳಿದ್ಯಾ ಅಂತ. ನೀವು ಕೇಳಿದೀರಾ?” ಎಂದೆ. ಭಾವ ಅಕ್ಕನ ಮುಂದೆ ನೆಲದ ಮೇಲೆ ಕೂತರು. ಅಂಗಡಿಯಲ್ಲಿ ಯಾರೋ ಗಿರಾಕಿ “ಯಾರಿದೀರಾ?” ಎಂದು ಕೂಗುತ್ತಿದ್ದರು. ಯಾರೂ ಏಳಲಿಲ್ಲ.

“ಎಂತ ಬೇಕೇ ನಿಂಗೆ?” ಎಂದರು ಭಾವ. ಅವರ ದನಿ ನನಗೆ ಗುರುತೇ ಸಿಗಲಿಲ್ಲ.

“ಈ ನಳಿಗೆ ಬರುವ ಮುಂಚೆ ತೀರ್ಥ ತೆಗೆದುಕೊಳ್ಳದೆ ಯಾವತ್ತು ಉಂಡಿದ್ದೇನೆ? ರೀ, ನೀವೇ ಕೊಡಿ.”

ಭಾವ ಎದ್ದು ಕೈಕಾಲು ತೊಳೆದು ಬಂದರು. ಮತ್ತೆ ಪೂಜೆ ಮಾಡಿಸು ಎಂದರು. ನಾನು ಅಕ್ಕನ ಅಂಗೈ ಹೊತ್ತೆ, ಭಾವ ನೀರೆರೆದರು. ಚಮಚ ತಂದಿಟ್ಟಿದ್ದೆ. ಅದನ್ನು ಅವರು ಬದಿಗೆ ಸರಿಸಿ ಒಂದು ಬಿಲ್ವಪತ್ರೆಯನ್ನು ಬಟ್ಟಲಿನಲ್ಲಿ ಅದ್ದಿದರು. ಎಲೆಯ ತುದಿಯಲ್ಲಿ ಒಂದು ಹನಿ ನಿಂತಿತು. ನಾನು ಅಕ್ಕನ ಗಲ್ಲ ಬಗ್ಗಿಸಿ ಹಿಡಿದೆ. ಎಲೆ ನಾಲಿಗೆಗೆ ತಾಗಿತು.

ಕೆಮ್ಮು ಬಂತು. ಅಕ್ಕನ ಮುಖ ಕಪ್ಪಿಟ್ಟಿತು, ಕುತ್ತಿಗೆಯ ನರ ಎದ್ದು ನಿಂತಿತು. “ಶಿವನೇ” ಎಂದು ಭಾವ ಎಲೆ ಬಿಸಾಡಿ ಬೆನ್ನು ನೀವತೊಡಗಿದರು. “ಸಾಕು, ಸಾಕು, ಆಯ್ತಲ್ಲ” ಎಂದು ನಾನು ಅಳುತ್ತಿದ್ದೆ. ಉಸಿರು ನಿಧಾನವಾಗಿ ಹಾದಿಗೆ ಬಂತು. ಅಕ್ಕ ಕಣ್ಣು ತೆರೆದು ಫೋನಿಗಾಗಿ ತಡಕಿದರು.

“ಇನ್ನೊಂದು.”

ಭಾವ ನನ್ನ ಮುಖ ನೋಡಿದರು. ಹೊಸ ಎಲೆ ಎತ್ತಿಕೊಂಡರು. ಎರಡನೆಯದಕ್ಕೆ ಕೆಮ್ಮು ಸ್ವಲ್ಪ ಕಡಿಮೆ. “ಇನ್ನೊಂದು” ಎಂದಳು ಫೋನಿನ ಹೆಂಗಸು, ರೈಲು ಬರುತ್ತಿದೆ ಎಂದು ಹೇಳಿದಷ್ಟೇ ನಿರಾಳವಾಗಿ. ಮೂರಾದ ಮೇಲೆ ಅಕ್ಕ ಮುಷ್ಟಿ ಬಿಟ್ಟು ನಳಿಗೆಯನ್ನು ತಾವೇ ಭಾವನ ಕಡೆ ಸರಿಸಿದರು. ಭಾವ ಗಂಜಿ ಬಿಟ್ಟರು. ನಾನು ಅಂಗಡಿಗೆ ಹೋಗಿ ಗಿರಾಕಿಯ ಮುಂದೆ ನಿಂತೆ. ಯಾವ ಬಣ್ಣ ಕೇಳಿದರೋ ಯಾವುದು ತೆಗೆದೆನೋ ಗೊತ್ತಿಲ್ಲ.

ಆಮೇಲೆ ದಿನವೂ ಹಾಗೆಯೇ ನಡೆಯಿತು. ದಿನವೂ ಹೆದರಿಕೆ, ದಿನವೂ ಮೂರು ಹನಿ. ಕೆಲವು ದಿನ ಕೆಮ್ಮೇ ಇಲ್ಲ. ಅಕ್ಕನ ಮುಖದಲ್ಲಿ ಹಳೆಯ ಕಳೆ ಬಂತು. ಕುರ್ಚಿಯಲ್ಲಿ ಕೂತು ನನ್ನ ತಪ್ಪು ಹುಡುಕುವುದು ಮತ್ತೆ ಶುರುವಾಯಿತು. ಕೈ ಮಾತ್ರ ಸೋಲುತ್ತ ಹೋಯಿತು, ಫೋನಿನ ಮಾತು ಚಿಕ್ಕದಾಗುತ್ತ ಹೋಯಿತು.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಜ್ವರ ಬಂತು. ಕಫ ಕಟ್ಟಿತು, ಉಸಿರು ಮೇಲುಮೇಲಕ್ಕಾಯಿತು. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದೆವು. ಮೂಗು ಬಾಯಿಗೆ ಮಾಸ್ಕ್ ಬಿಗಿದು ಗಾಳಿ ಒತ್ತಿದರು. ಅಕ್ಕನಿಗೆ ಎಚ್ಚರ ಇತ್ತು ಅನ್ನುವ ಹಾಗೂ ಇಲ್ಲ, ಇರಲಿಲ್ಲ ಅನ್ನುವ ಹಾಗೂ ಇಲ್ಲ. ಅಲ್ಲಿನ ಡಾಕ್ಟರನ್ನು ಭಾವ ಮೊದಲು ಕೇಳಿದ್ದು, “ನಾನು ಕೊಟ್ಟ ಹನಿಯಿಂದ ಹೀಗಾಯ್ತಾ?” ಡಾಕ್ಟರು ಎಲ್ಲ ಕೇಳಿಸಿಕೊಂಡರು. “ಹನಿಯಿಂದ ಇರಬಹುದು. ಅವರ ಎಂಜಲೇ ಇಳಿದು ಆಗಿರಬಹುದು. ಕಾಯಿಲೆ ಈ ಹಂತಕ್ಕೆ ಬಂದಾಗ ಹೇಗೂ ಆಗುತ್ತೆ. ಯಾವುದರಿಂದ ಅಂತ ನನಗೆ ಹೇಳೋಕಾಗಲ್ಲ” ಎಂದರು. ಇಲ್ಲ ಅನ್ನಬಾರದಿತ್ತೇ ಪುಣ್ಯಾತ್ಮ ಎಂದು ನನಗೆ ಕೋಪ ಬಂತು. ಈಗ ಯೋಚಿಸಿದರೆ ಆತ ಸುಳ್ಳು ಹೇಳಲಿಲ್ಲ, ಅಷ್ಟೇ.

ಮಾಸ್ಕ್ ಸಾಲುವುದಿಲ್ಲ, ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಬೇಕು, ಜೋಡಿಸಿದರೆ ಮತ್ತೆ ಬಿಡಿಸುವುದು ಆಗಲಾರದು ಎಂದರು. ಅಕ್ಕ ಬರೆಸಿ ನೋಟರಿ ಮುದ್ರೆ ಹಾಕಿಸಿಟ್ಟಿದ್ದ ಕಾಗದವನ್ನು ನಾನು ತೋರಿಸಿದೆ. ಆಸ್ಪತ್ರೆಯ ಡಾಕ್ಟರುಗಳ ತಂಡವೊಂದು ಬಂದು ನೋಡಿತು. ನಿಯಮದಂತೆ ಇನ್ನೊಂದು ತಂಡ ಬಂದು ನೋಡಿತು. ಎರಡೂ ತಂಡ ಒಪ್ಪಿದವು. ಕಡೆಗೆ ನನ್ನ ಕಡೆ ತಿರುಗಿ, ಅವರ ಪರವಾಗಿ ನೀವು ಹೇಳಬೇಕು ಎಂದರು.

ಭಾವ ನನ್ನ ಮುಂಗೈ ಹಿಡಿದುಕೊಂಡರು. “ಬೇಡ, ಹೇಳ್ಬೇಡ. ಒಂದೇ ದಿನ ಹಾಕ್ಲಿ. ಜ್ವರ ಇಳೀಲಿ, ಆಮೇಲೆ ನೋಡಣ.” ಅವರ ಹಿಡಿತ ಬಿಗಿಯಾಯಿತು. “ಕೊಪ್ಪದಲ್ಲಿ ಯಮನ್ನ ಬಾಗ್ಲಲ್ಲೇ ನಿಲ್ಲಿಸ್ತೀನಿ ಅಂದ್ಯಲ್ಲ? ಎಲ್ಲಿ ಹೋಯ್ತೇ ನಿನ್ನ ಭಾಷಣ?” ಎಂದು ಆ ಕಾರಿಡಾರಿನಲ್ಲಿ ಕೂಗಿದರು. ನರ್ಸುಗಳು ತಿರುಗಿ ನೋಡಿದರು. ನನಗೂ ಯಂತ್ರ ಬೇಕಿತ್ತು. ನಿಜ ಹೇಳುತ್ತೇನೆ, ಭಾವನಿಗಿಂತ ಹೆಚ್ಚಾಗಿ ಬೇಕಿತ್ತು. ಅಕ್ಕ ಇಲ್ಲದ ಅಡುಗೆಮನೆಗೆ ಹೇಗೆ ಕಾಲಿಡಲಿ ಎಂದು ನನ್ನ ಒಳಗೆಲ್ಲ ಹುಯಿಲೆದ್ದಿತ್ತು. ಬಾಯಿ ತೆರೆದರೆ ದನಿ ಬರಲಿಲ್ಲ. ಜೋರಾಗಿ ಹೇಳಲು ಬರುತ್ತದೆ ಎಂದು ಹೆಸರು ಬರೆಸಿದ್ದರು ಪುಣ್ಯಾತ್ಗಿತ್ತಿ.

“ಯಂತ್ರ ಬೇಡ ಅಂದಿದಾರೆ” ಎಂದೆ. ಡಾಕ್ಟರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. “ಬೇಡ. ಅವರಿಗೆ ಬೇಡ. ಮನೆಗೆ ಕರ್ಕೊಂಡು ಹೋಗ್ತೀವಿ.”

ಭಾವ ನನ್ನ ಕೈ ಬಿಟ್ಟರು. ಉಸಿರಾಟದ ಕಷ್ಟ ಗೊತ್ತಾಗದಿರಲು ಔಷಧಿ ಕೊಟ್ಟು, ಆಮ್ಲಜನಕ ಜೋಡಿಸಿ ಕಳುಹಿಸಿದರು. ಆಂಬುಲೆನ್ಸಿನಲ್ಲಿ ನಾವಿಬ್ಬರೂ ಎದುರುಬದುರು ಕೂತಿದ್ದೆವು. ದಾರಿಯುದ್ದಕ್ಕೂ ಅವರು ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಬೆಳಿಗ್ಗೆ ಅಕ್ಕನಿಗೆ ಮೈ ಒರೆಸಿ, ದಿಂಬು ಒತ್ತಿಟ್ಟು ನೆಟ್ಟಗೆ ಕೂರಿಸಿದೆ. ಅಂಗೈಯನ್ನು ಅಂಗೈಯಲ್ಲಿ ಹೊತ್ತೆ. ಭಾವ ಬರುತ್ತಾರೋ ಇಲ್ಲವೋ ಎಂದು ಬಾಗಿಲು ನೋಡುತ್ತಿದ್ದೆ. ಬಂದರು. ನೀರೆರೆದರು, ಪತ್ರೆ ಅದ್ದಿದರು. ಮೊದಲ ಹನಿಗೆ ಅಕ್ಕನ ತುಟಿ ಅಲ್ಲಾಡಿತು. ಎರಡನೆಯದಕ್ಕೂ. ಮೂರನೆಯದು ಬಾಯಿಯ ಅಂಚಿನಿಂದ ಹೊರಗೆ ಇಳಿಯಿತು. ಕೆಮ್ಮು ಬರಲಿಲ್ಲ. ಕೆಮ್ಮು ಬರಲೆಂದು ನಾವಿಬ್ಬರೂ ಕಾದೆವು. ಅವರ ಉಸಿರು ದೂರ ದೂರವಾಗಿ, ಬಿಸಿಲು ಜಗಲಿಗೆ ಬರುವಷ್ಟರಲ್ಲಿ ನಿಂತಿತು.

ಸುದ್ದಿ ಹೋದದ್ದೇ ನೆಂಟರು, ಬೀದಿಯವರು ಬಂದು ತುಂಬಿದರು. ನಮ್ಮಲ್ಲಿ ಬಂದವರೆಲ್ಲ ಬಾಯಿಗೆ ತೀರ್ಥ ಬಿಡಬೇಕು. ಯಾರೋ ದೊಡ್ಡ ತಂಬಿಗೆ ತಂದರು, ಯಾರೋ ಸೌಟಿನಂಥ ಚಮಚ ತಂದರು. ಇಷ್ಟು ದಿನ ಒಂದು ಹನಿಗೆ ಬಾಯಿಬಿಟ್ಟವರಿಗೆ ಈಗ ತಂಬಿಗೆಗಟ್ಟಲೆ ಬಂತಲ್ಲ ಎಂದು ನನಗೆ ಎಲ್ಲರನ್ನೂ ಬೈದು ಓಡಿಸುವಷ್ಟು ರೋಷ. ಚಮಚ ತುಂಬಿಕೊಂಡು ಮೊದಲನೆಯವರು ಬಗ್ಗಿದರು.

ಅಷ್ಟರಲ್ಲಿ ಭಾವ ಅವರ ಕೈ ತಡೆದರು. ಆ ಕೈಗೆ ಒಂದು ಬಿಲ್ವಪತ್ರೆ ಇಟ್ಟರು. ತಾವು ಅಕ್ಕನ ಪಕ್ಕ ಕೂತು, ಗಲ್ಲವನ್ನು ಎದೆಯ ಕಡೆ ಬಗ್ಗಿಸಿ ಹಿಡಿದುಕೊಂಡರು.

“ಎಲೆ ತುದಿಯಿಂದ ಬಿಡಿ. ಒಂದೇ ಹನಿ. ಮೆಲ್ಲಗೆ, ಅವಳಿಗೆ ಕೆಮ್ಮು ಬರುತ್ತೆ.”

ಸಾಲಿನಲ್ಲಿ ಬಂದವರಿಗೆಲ್ಲ ಅದನ್ನೇ ಹೇಳಿದರು. ನನ್ನ ಸರದಿ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದರು, ಎಲೆ ಕೊಟ್ಟರು. ನಾನು ಒಂದು ಹನಿ ಬಿಟ್ಟು, ಅವರ ಜೊತೆಯಲ್ಲೇ ಉಸಿರು ಹಿಡಿದು ಕಾದೆ.